ಪಕ್ಕದ ಟೇಬಲ್ಲಿನ ತುಕ್ಕು

ಆ ತುಕ್ಕು ನೋಡಿದ ಕೂಡಲೇ ನನಗೆ ಸಂಶಯ ಬಂತು.

ಯಾದಗಿರಿಯಲ್ಲಿ ಹವ್ಯಾಸ ಮತ್ತು ಕರಕುಶಲ ಪ್ರದರ್ಶನ ನಡೆದಿತ್ತು. ಒಂದು ಮೂಲೆಯಲ್ಲಿ ಹಳೇ ನಾಣ್ಯ, ಇನ್ನೊಂದು ಮೂಲೆಯಲ್ಲಿ ಬೆಂಕಿಕಡ್ಡಿಯ ಚಾರ್‌ಮಿನಾರ್, ನಡುವೆ ಸಾಲಾಗಿ ಕಸೂತಿ. ಕಿಟಕಿಯ ಬದಿಗೆ ಅಕ್ಕಪಕ್ಕ ಎರಡು ಟೇಬಲ್. ಒಂದರ ಮೇಲೆ ನನ್ನ ಗಾಡಿ. ಇನ್ನೊಂದರ ಮೇಲೂ ಅದೇ ಗಾಡಿ.

ಗಾಡಿ ಎಂದರೆ ಆಟಿಕೆ ಎಂದುಕೊಳ್ಳಬೇಡಿ. (ನನ್ನ ಹೆಂಡತಿ ಹಾಗೆಯೇ ಅಂದುಕೊಂಡಿದ್ದಾಳೆ, ಅದು ಬೇರೆ ಮಾತು.) ಎರಡನೇ ಮಹಾಯುದ್ಧದ ಹೊತ್ತಿಗೆ ಫ್ರಾನ್ಸಿನ ಸೈನ್ಯದಲ್ಲಿದ್ದ ಯು.ಇ. ಎಂಬ, ಟ್ಯಾಂಕಿನ ಹಾಗೆ ಚೈನಿನ ಮೇಲೆ ಓಡುವ ಪುಟ್ಟ ಗಾಡಿ ಅದು. ಮಾಡೆಲ್ಲು ಅಸಲಿಯ ಮೂವತ್ತೈದರಲ್ಲಿ ಒಂದು ಪಾಲು. ಎರಡು ಬೆಂಕಿಪೆಟ್ಟಿಗೆ ಜೋಡಿಸಿಟ್ಟರೆ ಎಷ್ಟೋ ಅದಕ್ಕಿಂತ ಗಿಡ್ಡ, ಹಿಂದೊಂದು ಟ್ರೇಲರ್. ಒಳಗೆ ಇಬ್ಬರು ಕೂರುವ ಜಾಗ, ಇಬ್ಬರ ತಲೆಯ ಮೇಲೂ ಕಬ್ಬಿಣದ ಬೋಗುಣಿ ಬೋರಲು ಹಾಕಿದಂಥ ಮುಚ್ಚಳ. ಮುಂದೆ ನಿಂತು ಕಾದಾಡುವವರಿಗೆ ಗುಂಡು, ಊಟ, ನೀರು ಮುಟ್ಟಿಸುವುದು ಅದರ ಕೆಲಸ. ಯುದ್ಧದ ಗಾಡಿಯೇ ಹೌದು, ಆದರೆ ಬಂದೂಕಿಲ್ಲ.

ಇಂಥ ಮಾಡೆಲ್‌ನಲ್ಲಿ ಡಬ್ಬಿಯಲ್ಲಿ ಬಂದ ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಜೋಡಿಸುವುದು ಅರ್ಧ ಕೆಲಸ. ಉಳಿದರ್ಧ ಅದನ್ನು ಹಳೆಯದು ಮಾಡುವುದು. ಹೊಸ ಪ್ಲಾಸ್ಟಿಕ್ಕಿಗೆ ಬಿಸಿಲು ಹೊಡೆದಂತೆ, ಕೆಸರು ಸಿಡಿದಂತೆ, ತುಕ್ಕು ಹತ್ತಿದಂತೆ ಬಣ್ಣ ಕಟ್ಟಬೇಕು. ವೆದರಿಂಗ್ ಅನ್ನುತ್ತಾರೆ. ನಾನು ಹಲ್ಲಿನ ಡಾಕ್ಟರು ಎಂಬುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಶಹಾಪುರದ ನನ್ನ ಕ್ಲಿನಿಕ್ಕಿನಲ್ಲಿ ಹಲ್ಲು ಕೊರೆಯುವ ಮಶೀನಿನಿಂದಲೇ ಈ ಗಾಡಿಗೆ ತೂತು ಕೊರೆದಿದ್ದೇನೆ. (ರೋಗಿಗಳು ಗಾಬರಿಯಾಗಬೇಡಿ, ಅದಕ್ಕೆ ಸೂಜಿ ಬೇರೆ ಇಟ್ಟಿದ್ದೇನೆ.) ‘ಯುರೋಪಿನ ಮಣ್ಣು’ ಎಂದು ಲೇಬಲ್ ಇರುವ ಪುಟ್ಟ ಬಾಟಲಿಗಳನ್ನು ಆನ್‌ಲೈನಿನಲ್ಲಿ ತರಿಸುತ್ತೇನೆ. ಮನೆಯ ಸುತ್ತ ಇಷ್ಟು ಮಣ್ಣಿರುವಾಗ ಮಣ್ಣು ತರಿಸುವ ಮನುಷ್ಯನನ್ನು ಹೆಂಡತಿ ಯಾವ ಕಣ್ಣಿನಿಂದ ನೋಡುತ್ತಾಳೆ, ನೀವೇ ಊಹಿಸಿಕೊಳ್ಳಿ.

ಇಪ್ಪತ್ತೈದು ವರ್ಷದ ಹುಚ್ಚು ಇದು. ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ಸೇರಿಸಿದರೂ ಈ ವಿದ್ಯೆ ಬಲ್ಲವನು ನಾನೊಬ್ಬನೇ ಎಂದು ನಂಬಿದ್ದೆ. ಈಗ ನೋಡಿದರೆ ಪಕ್ಕದ ಟೇಬಲ್ಲಿನ ಮೇಲೆ ಅದೇ ಗಾಡಿ ಕೂತಿದೆ. ಅದರ ತುಕ್ಕು ನನ್ನದಕ್ಕಿಂತ ಚೆನ್ನಾಗಿದೆ.

ಎಷ್ಟು ಚೆನ್ನಾಗಿದೆ? ಮುಟ್ಟಿದರೆ ಬೆರಳಿಗೆ ಕೆಂಪು ಹತ್ತೀತು ಅನ್ನುವಷ್ಟು. ಟ್ರೇಲರಿನ ಒಂದು ಅಂಚಿನಲ್ಲಿ ಬಣ್ಣ ಸವೆದು ಕಬ್ಬಿಣ ಇಣುಕುತ್ತಿತ್ತು. ಡೀಸೆಲ್ಲೋ ಪೆಟ್ರೋಲೋ ಚೆಲ್ಲಿ, ಅದರ ಮೇಲೆ ಧೂಳು ಕೂತು ಕಪ್ಪಾದ ಒಂದು ಕಲೆ. ಬದಿಗೆ ಅಕ್ಕಿಕಾಳಿನಷ್ಟು ಚಿಕ್ಕ ಅಕ್ಷರದಲ್ಲಿ ಬರೆದ ನಂಬರು, ಕೂದಲೆಳೆಯಷ್ಟೂ ಅತ್ತಿತ್ತ ಸರಿದಿಲ್ಲ.

ಟೇಬಲ್ಲಿನ ಹಿಂದೆ ನಿಂತಿದ್ದ ಹೆಂಗಸಿಗೆ ನಲವತ್ತೈದರ ವಯಸ್ಸಿರಬಹುದು. ಎದುರಿಗಿದ್ದ ಚೀಟಿಯಲ್ಲಿ ಹೀಗಿತ್ತು: ಹಸೀನಾ ಬೇಗಂ, ಸುರಪುರ. ಉದ್ಯೋಗ, ನಂಬರ್ ಪ್ಲೇಟ್ ಬರೆಯುವುದು. ವಿದ್ಯಾಭ್ಯಾಸ, ಏಳನೇ ತರಗತಿ. (ಹೆಸರು ಯಾಕೆ ಪೂರ್ತಿ ಹಾಕಿದ್ದೇನೆ ಎಂಬುದನ್ನು ಮುಂದೆ ಹೇಳುತ್ತೇನೆ.)

ನಾನು ವಿಚಾರಣೆ ಶುರು ಮಾಡಿದೆ. ಇದು ಯಾವ ವರ್ಷದ ಗಾಡಿ? ಗೊತ್ತಿಲ್ಲ ಅಂದಳು. ಯಾವ ದಳದ್ದು? ಗೊತ್ತಿಲ್ಲ. ಮಾಡುವಾಗ ಫೋಟೋ ತೆಗೆದಿದ್ದೀರಾ? ಇಲ್ಲ. ಗಾಡಿಯ ಹೆಸರಾದರೂ ಗೊತ್ತೇ ಎಂದೆ.

“ಡಬ್ಬಿ ಮ್ಯಾಲ ಯು, ಇ ಅಂತ ಬರದಿತ್ರಿ.”

ತುಕ್ಕಿಗೆ ಯಾವ ಬಣ್ಣ ಹಾಕಿದಿರಿ ಎಂದು ಕೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಇದ್ದದ್ದು ಹಚ್ಚೀನ್ರಿ ಎಂದು ಮುಖ ತಿರುಗಿಸಿದಳು.

ಇದ್ದದ್ದು ಎಂದರೇನು? ಕೆಲಸ ಮಾಡಿದವಳು ಇಷ್ಟು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಉತ್ತರ ಕೊಡುತ್ತಾಳೆಯೇ?

ನನ್ನ ವೃತ್ತಿ ನನಗೆ ಕಲಿಸಿದ್ದು ಒಂದೇ. ಎದುರಿಗೆ ಬಾಯಿ ತೆರೆದವರ ಮಾತನ್ನು ನಂಬಬಾರದು, ಬಾಯೊಳಗೆ ಇಣುಕಿ ನೋಡಬೇಕು. ದಿನಾ ಎರಡು ಸಲ ಹಲ್ಲುಜ್ಜುತ್ತೇನೆ ಅನ್ನುವವರು, ಗುಟ್ಕಾ ಬಿಟ್ಟು ವರ್ಷವಾಯಿತು ಅನ್ನುವವರು, ಎಲ್ಲರ ಬಾಯಲ್ಲೂ ಸಾಕ್ಷಿ ಕೂತಿರುತ್ತದೆ. ಹಾಗಾಗಿ ನಾನು ಟಾರ್ಚ್ ಹಿಡಿದು ಆ ಗಾಡಿಯೊಳಗೂ ಇಣುಕಿದೆ. ತಪ್ಪು ಸಿಗಲಿಲ್ಲ. ತಪ್ಪು ಸಿಗದೇ ಇದ್ದದ್ದೇ ತಪ್ಪೆನಿಸಿತು. ಇದು ಪರದೇಶದಲ್ಲಿ ಕೈ ಪಳಗಿದವರು ಮಾಡಿದ್ದು, ಇವಳು ಎಲ್ಲಿಂದಲೋ ತರಿಸಿ ಇಟ್ಟಿದ್ದಾಳೆ ಎಂದು ತೀರ್ಮಾನ ಮಾಡಿದೆ.

ಸಂಜೆ ಫಲಿತಾಂಶ ಹೇಳಿದರು. ಹಸೀನಾ ಬೇಗಂ ಪ್ರಥಮ. ನಾನು ದ್ವಿತೀಯ.

ಮುಂದಿನದು ನಿಮಗೆ ಗೊತ್ತು. ಮೂರು ವಾರದ ಹಿಂದೆ ಇದೇ ಜಾಗದಲ್ಲಿ ನಾನು ಬರೆದದ್ದನ್ನು ಓದಿದ್ದೀರಿ. ಕೊಂಡು ತಂದದ್ದನ್ನು ‘ನಾನೇ ಮಾಡಿದ್ದು’ ಎಂದು ಮೆರೆಯುವ ಕಾಲ ಇದು ಎಂದು ಬರೆದಿದ್ದೆ. ಅಂಗಡಿಯ ಹೋಳಿಗೆ ಮನೆಯದಾಗುತ್ತದೆ, ಇಂಟರ್ನೆಟ್ಟಿನ ಭಾಷಣ ಸ್ವಂತದ್ದಾಗುತ್ತದೆ ಎಂದು ಚುಚ್ಚಿದ್ದೆ. ಕೊನೆಗೆ, ನಂಬರ್ ಪ್ಲೇಟ್ ಬರೆಯುವ ಕೈಯಿಂದ ಫ್ರಾನ್ಸಿನ ಗಾಡಿ ಹೊರಬರುವುದು ಪವಾಡವೇ ಸರಿ ಎಂದು ಮುಗಿಸಿದ್ದೆ. ಹೆಸರು ಹಾಕಿರಲಿಲ್ಲ. ಅಂಕಣಕಾರರ ಧೈರ್ಯ ಅಷ್ಟೇ ಇರುತ್ತದೆ. ಹಲವರು ಫೋನ್ ಮಾಡಿ ಭಾಳ ಛಲೋ ಬರ್ದೀರಿ ಸರ್ ಅಂದಿರಿ. ನಾನು ಉಬ್ಬಿದೆ.

ವಾರ ಕಳೆದ ಮೇಲೆ ಪ್ರದರ್ಶನ ನಡೆಸಿದವರಿಂದ ಫೋನ್ ಬಂತು. ನಿಮ್ಮ ಬರಹ ಓದಿ ಸದಸ್ಯರೆಲ್ಲ ಕೂತು ಮಾತಾಡಿದೆವು, ಗೊಂದಲ ಬೇಡ ಅಂತ ಆ ಹೆಂಗಸಿನ ಹೆಸರು ತೆಗೆದಿದ್ದೇವೆ ಎಂದರು. ಕಲಬುರಗಿಯ ವಿಭಾಗ ಮಟ್ಟದ ಪ್ರದರ್ಶನಕ್ಕೆ ಇನ್ನು ನಾನೇ ಹೋಗಬೇಕಂತೆ, ನಾನೇ ಪ್ರಥಮವಂತೆ.

ಥ್ಯಾಂಕ್ಸ್ ಎಂದೆ.

ಬರೆಯಲಿಕ್ಕೆ ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ. ಆ ಕ್ಷಣದಲ್ಲಿ ನನ್ನ ಬಾಯಿಂದ ಬಂದದ್ದು ಆ ಒಂದು ಮಾತು.

ಅದಾಗಿ ಕೆಲವು ದಿನಕ್ಕೆ ಸುರಪುರದ ಸಿದ್ದಪ್ಪ ಮಾಸ್ತರರು ಕ್ಲಿನಿಕ್ಕಿಗೆ ಬಂದರು. ನಿವೃತ್ತ ಕನ್ನಡ ಮಾಸ್ತರರು, ನನ್ನ ಹಳೇ ಪೇಶೆಂಟು. ದವಡೆ ಹಲ್ಲು ಕೀಳಿಸಬೇಕಿತ್ತು. ಇಂಜೆಕ್ಷನ್ ಎತ್ತಿಕೊಂಡೆ. ಅವರು ಕೈ ಅಡ್ಡ ಹಿಡಿದರು.

“ಬಾಯಿ ಜಡ ಆಗೋಕ್ಕಿಂತ ಮೊದ್ಲ ಒಂದ್ ಮಾತ್ ಹೇಳ್ತೀನ್ರಿ ಡಾಕ್ಟ್ರ. ಆ ಅರ್ಜಿ ತುಂಬಿದ್ದು ನಾನು. ಹಸೀನಾ ನನ್ನ ಕಡೀನೇ ಏಳನೇತ್ತ ಕಲ್ತಾಳ. ಆ ಗಾಡೀನ ಆಕೀನೇ ಮಾಡ್ಯಾಳ.”

ಉಳಿದದ್ದನ್ನೂ ಅವರೇ ಹೇಳಿದರು. ಪ್ರದರ್ಶನದ ಸುದ್ದಿ ಕೇಳಿ ಸುರಪುರದ ಒಂದು ಖಾಸಗಿ ಶಾಲೆಯವರು ವಾರಕ್ಕೆರಡು ದಿನ ಮಕ್ಕಳಿಗೆ ಕರಕುಶಲ ಕಲಿಸಲು ಬಾ ಎಂದು ಅವಳನ್ನು ಕರೆದಿದ್ದರಂತೆ. ರೇಡಿಯಂ ಸ್ಟಿಕ್ಕರಿನ ಅಂಗಡಿಗಳು ಬಂದ ಮೇಲೆ ಕೈಯಿಂದ ನಂಬರ್ ಬರೆಸುವವರು ಕಡಿಮೆಯಾಗಿ, ಅವಳಿಗೆ ಆ ಕೆಲಸ ಬೇಕೇ ಬೇಕಿತ್ತು. ನನ್ನ ಬರಹ ಬಂದ ಮರುದಿನದಿಂದ ಶಾಲೆಯವರು ಫೋನ್ ಎತ್ತುತ್ತಿಲ್ಲ. ಹೆಸರಿಲ್ಲದಿದ್ದರೇನು? ಸುರಪುರದಲ್ಲಿ ನಂಬರ್ ಪ್ಲೇಟ್ ಬರೆಯುವ ಹೆಂಗಸರು ಎಷ್ಟು ಜನ ಇದ್ದಾರೆ?

ಹಲ್ಲು ಕಿತ್ತೆ. ಮಾತನ್ನು ಅಲ್ಲಿಗೇ ಬಿಟ್ಟೆ. ಯಾಕೆಂದರೆ ನನಗೆ ಮಾಸ್ತರರ ಮೇಲೂ ಸಂಶಯ ಬಂದಿತ್ತು. ತಮ್ಮ ಶಿಷ್ಯೆಯ ಪರವಾಗಿ ಮಾಸ್ತರರು ಮಾತಾಡದೆ ಇನ್ಯಾರು ಮಾತಾಡಬೇಕು? ಅರ್ಜಿ ತುಂಬಿದ ಮಾತ್ರಕ್ಕೆ ಸಾಕ್ಷಿಯಾಯಿತೇ?

ಕಳೆದ ಭಾನುವಾರ ನನ್ನ ಗಾಡಿಯನ್ನು ಚಪ್ಪಲಿ ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟುಕೊಂಡು ಸುರಪುರದ ಬಸ್ ಹತ್ತಿದೆ. ಕ್ಷಮೆ ಕೇಳಲು ಹೊರಟೆ ಎಂದು ಭಾವಿಸಬೇಡಿ. ಅವಳನ್ನು ಹಿಡಿಯಲು ಹೊರಟೆ. ನಾನು ಯಾರೆಂದು ಹೇಳುವುದಿಲ್ಲ, ಈ ಗಾಡಿಗೆ ಸ್ವಲ್ಪ ತುಕ್ಕು ಹಚ್ಚಿ ಕೊಡಿ ಅನ್ನುತ್ತೇನೆ, ಕೈ ಓಡುತ್ತದೋ ಇಲ್ಲವೋ ನೋಡುತ್ತೇನೆ. ಅಂಕಣದ ಮೇಲಿರುವ ನನ್ನ ಫೋಟೋ ತಲೆತುಂಬ ಕೂದಲಿದ್ದ ಕಾಲದ್ದು. ಯಾದಗಿರಿಯ ಗದ್ದಲದಲ್ಲಿ ಎರಡು ನಿಮಿಷ ಪ್ರಶ್ನೆ ಕೇಳಿದವನ ಮುಖವೂ ಅವಳಿಗೆ ನೆನಪಿರಲಿಕ್ಕಿಲ್ಲ, ಗುರುತು ಸಿಗುವ ಭಯವಿಲ್ಲ ಎಂದುಕೊಂಡೆ.

ದಾರಿಯಲ್ಲಿ ಕೆನಾಲ್ ಒಣಗಿ ಬಿದ್ದಿತ್ತು. ನೀರು ಬಂದ್ ಮಾಡಿ ನಾಲ್ಕು ದಿನವಾಗಿತ್ತಂತೆ. ಪಕ್ಕದ ಸೀಟಿನವರು ಮೇಲಿನ ಹಳ್ಳಿಯವರು ರಾತ್ರಿ ಗೇಟ್ ಎತ್ತುತ್ತಾರೆ ಎಂದು ಗೊಣಗುತ್ತಿದ್ದರು. ನೋಡಿದ್ದೀರಾ ಎಂದೆ. ನೋಡಿಲ್ಲ, ಆದರೆ ಎತ್ತುತ್ತಾರೆ ಎಂದರು. ಕೆನಾಲ್ ಬಂದ ಮೇಲೆ ನಮ್ಮ ಸೀಮೆಗೆ ಭತ್ತ ಬಂತು, ಮೆಣಸಿನಕಾಯಿಯ ಬೆಳೆ ಹೆಚ್ಚಿತು. ಕೆಳಗಿನವರಿಗೆ ಮೇಲಿನವರ ಮೇಲೆ ಗುಮಾನಿಯೂ ಬಂತು. ನಾನು ಹೌದೌದು ಎಂದು ತಲೆಯಾಡಿಸಿದೆ. ನನಗೂ ಅಂದು ಅದೇ ಬೇಕಿತ್ತು.

ಬೋನಾಳದ ಕಡೆ ಹೋಗುವ ರಸ್ತೆಯಲ್ಲಿ ತಗಡಿನ ಶೆಡ್ಡು. ಒಳಗೆ ಹೊರಸಿನ ಮೇಲೆ ಒಬ್ಬ ಮುದುಕ ಮಲಗಿದ್ದ. ಹೊರಗೆ ಬಿಸಿಲಲ್ಲಿ ಒಂದು ನೀಲಿ ಟ್ರ್ಯಾಕ್ಟರ್ ಟ್ರಾಲಿ, ಅದರ ಪಕ್ಕ ಕುಕ್ಕರಗಾಲಲ್ಲಿ ಹಸೀನಾ ಬೇಗಂ, ಅವಳ ತಲೆಯ ಮೇಲೆ ಬಗ್ಗಿ ನಿಂತ ಒಬ್ಬ ರೈತ. ನಂಬರ್ ಪ್ಲೇಟಿನ ಕೆಲಸವಿದೆ ಎಂದೆ. ಕೂಡ್ರಿ, ಇದು ಮುಗೀಲಿ ಎಂದು ಅವಳು ತಿರುಗಿ ನೋಡದೆ ಹೇಳಿದಳು. ಹಲಗೆಯ ಮೇಲೆ ಕೂತೆ.

ರೈತನ ಕಥೆ ಅವನ ಗಾಬರಿಯಿಂದಲೇ ತಿಳಿಯಿತು. ಟ್ರಾಲಿ ಅವನದಲ್ಲ, ಅಣ್ಣನದು. ಕೇಳದೆ ಒಯ್ದು ಗೋಡೆಗೆ ತಾಗಿಸಿ ಬದಿಯ ತಗಡು ನೆಗ್ಗಿಸಿದ್ದ. ನೆಗ್ಗಿದ್ದನ್ನು ಬಡಿದು ಸರಿ ಮಾಡಿಸಿದ್ದಾಯಿತು, ಹೊಸ ಬಣ್ಣ ಬಳಿದದ್ದೂ ಆಯಿತು. ಈಗ ಆ ಹೊಸ ನೀಲಿ ಹತ್ತು ವರ್ಷದ ಹಳೇ ನೀಲಿಯ ನಡುವೆ ಕಣ್ಣಿಗೆ ಹೊಡೆಯುತ್ತಿತ್ತು. ಅಣ್ಣ ಅಬ್ಬೆತುಮಕೂರಿನ ಮಠಕ್ಕೆ ಹೋಗಿದ್ದಾನೆ, ಸಂಜೆಯೊಳಗೆ ಬರುತ್ತಾನೆ. ಅಷ್ಟರಲ್ಲಿ ಹೊಸದು ಹಳೆಯದಾಗಬೇಕು.

ಅವಳು ಡೀಸೆಲ್ ಅದ್ದಿದ ಬಟ್ಟೆಯಿಂದ ಹೊಸ ಬಣ್ಣವನ್ನು ಉಜ್ಜಿ ಹೊಳಪು ಸಾಯಿಸಿದಳು. ತಂಬಾಕಿನ ಡಬ್ಬಿಯಿಂದ ಸೋಸಿದ ಇಟ್ಟಿಗೆ ಪುಡಿ ತೆಗೆದಳು, ಇನ್ನೊಂದರಿಂದ ಒಲೆಯ ಬೂದಿ. ಹಳೇ ಸೀಟಿನಿಂದ ಹರಿದ ಸ್ಪಂಜಿನ ಚೂರಿನಲ್ಲಿ ಅದ್ದಿ, ತಟ್ಟಿ, ಎತ್ತಿ, ಮತ್ತೆ ತಟ್ಟಿದಳು. ನಡುವೆ ಕೈ ನಿಲ್ಲಿಸಿ ರೈತನನ್ನು ಕೇಳಿದಳು: “ಚೀಲ ಯಾವ ಕಡಿಂದ ಏರಸ್ತೀರಿ?”

ಈ ಕಡೆಯಿಂದಲೇ ಎಂದ.

ಅಷ್ಟು ಸಾಕಿತ್ತು. ಅಂಚಿನ ಮೇಲೆ, ಚೀಲ ಉಜ್ಜುವ ಜಾಗದಲ್ಲಿ, ತಂತಿಯಿಂದ ನಾಲ್ಕು ಸಲ ಕೆರೆದಳು. ಕೆರೆದ ಕೆಳಗೆ ಇಟ್ಟಿಗೆಯ ಕೆಂಪನ್ನು ಬೆರಳಿನಿಂದ ಇಳಿಸಿದಳು. ಆಮೇಲೆ ರಸ್ತೆಯ ಧೂಳನ್ನು ಬೊಗಸೆಯಲ್ಲಿ ಎತ್ತಿ ಊದಿದಳು. ಧೂಳು ಇಳಿಯಿತು. ನಾನು ಆ ಹೊಸ ಬಣ್ಣದ ತಗಡು ಯಾವುದೆಂದು ಹುಡುಕಿದೆ. ಸಿಗಲಿಲ್ಲ.

ಯಾದಗಿರಿಯಲ್ಲಿ ಆ ಟ್ರೇಲರಿನ ಅಂಚಿನಲ್ಲಿ ಕಂಡದ್ದು ಇದೇ ಕೆರೆತ, ಇದೇ ಕೆಂಪು. ಅಲ್ಲಿ ಸೂಜಿಯ ಮೊನೆಯಷ್ಟಿತ್ತು, ಇಲ್ಲಿ ಗೇಣುದ್ದ ಇತ್ತು.

ಅಲ್ಲಿಗೆ ಎದ್ದು ಬರಬೇಕಿತ್ತಲ್ಲವೇ? ಅಥವಾ ಅವಳ ಮುಂದೆ ತಪ್ಪಾಯಿತು ಅನ್ನಬೇಕಿತ್ತಲ್ಲವೇ? ಸಂಶಯ ಅಷ್ಟು ಸುಲಭದಲ್ಲಿ ಬಿಡುವುದಿಲ್ಲ. ಟ್ರಾಲಿ ಬೇರೆ, ಎರಡು ಬೆಂಕಿಪೆಟ್ಟಿಗೆಯ ಗಾಡಿ ಬೇರೆ, ಇನ್ನೊಂದು ಸಾಕ್ಷಿ ಇರಲಿ ಎಂದಿತು ಒಳಗಿನ ಡಾಕ್ಟರು. ರೈತ ಟ್ರಾಲಿ ಎಳೆದುಕೊಂಡು ಹೋದ ಮೇಲೆ ಡಬ್ಬಿ ತೆರೆದು, ಇದು ನನ್ನ ಗೆಳೆಯನದು, ಸ್ವಲ್ಪ ತುಕ್ಕು ಹಚ್ಚಿ ಕೊಡ್ತೀರೇನು ಎಂದೆ.

ಅವಳು ಕೈ ಒರೆಸಿಕೊಂಡಳು. ಗಾಡಿಯನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿ, ಬೋರಲು ಹಾಕಿದ ಬಣ್ಣದ ಡಬ್ಬಿಯ ಮೇಲೆ ಮೆಲ್ಲಗೆ ಇಟ್ಟಳು.

“ಇದು ಯಾದಗಿರ್ಯಾಗ ನನ್ನ ಗಾಡಿ ಪಕ್ಕಕ ಇತ್ತಲ್ರಿ.”

ಫೋಟೋದಲ್ಲಿ ಕೂದಲು ಬದಲಾಗಿದ್ದರೇನು, ನನ್ನ ತುಕ್ಕು ಬದಲಾಗಿರಲಿಲ್ಲ. ಸಾಕ್ಷಿ ಹಿಡಿಯಲು ಬಂದವನು ತನ್ನ ವಿರುದ್ಧದ ಸಾಕ್ಷಿಯನ್ನು ಹತ್ತಿಯಲ್ಲಿ ಸುತ್ತಿ ತಂದಿದ್ದೆ.

“ಆ ಡಾಕ್ಟ್ರು ನೀವೇ ಏನ್ರಿ?”

ಹೌದು ಎಂದೆ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಒಳ್ಳೆಯದಿತ್ತು. ಸ್ಪಂಜಿನ ಚೂರನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಳು. “ಪರೀಕ್ಷಾ ತಗೋಳಾಕ ಬಂದೀರಿ. ನಾ ಇದಕ್ಕ ಕೈ ಹಚ್ಚಂಗಿಲ್ರಿ. ಹಚ್ಚಿದ್ರ, ಇದನ್ನೂ ಯಾರೋ ಬಂದು ಮಾಡಿಕೊಟ್ಟಾರ ಅಂತ ಬರೀತೀರಿ.”

ಅಷ್ಟರಲ್ಲಿ ಹೊರಸಿನ ಮೇಲಿದ್ದ ಮುದುಕ ಎದ್ದು ಕೂತು ಯಾರು ಬಂದದ್ದು ಎಂದು ಉರ್ದುವಿನಲ್ಲಿ ಕೇಳಿದ. ಮೈಬೂಬ್ ಮಿಸ್ತ್ರಿ, ಅವಳ ತಂದೆ. ಕೆನಾಲ್ ಕ್ಯಾಂಪಿನಲ್ಲಿ ಡೋಜರು, ಟಿಪ್ಪರು ರಿಪೇರಿ ಮಾಡುತ್ತಿದ್ದವನು. ಈಗ ಎರಡೂ ಕಣ್ಣು ಹೋಗಿವೆ. ಹಲ್ಲಿನ ಡಾಕ್ಟ್ರು ಬಂದಾರ ಎಂದು ಮಗಳು ಹೇಳಿದ್ದೇ ಮುದುಕನ ಮುಖ ಅರಳಿತು. ನನಗೆ ಚಾ ಮಾಡು ಎಂದ. ಅವಳು ನನ್ನ ಹತ್ತಿರ ಬಗ್ಗಿ, ದನಿ ಇಳಿಸಿದಳು.

“ಅಬ್ಬಾಗ ಪೇಪರಿಂದು ಗೊತ್ತಿಲ್ರಿ. ನಾ ಹೇಳಿಲ್ಲ. ಇನ್ನೂ ಫಸ್ಟ್ ಬಂದೀನಿ ಅಂತೇ ತಿಳ್ಕೊಂಡಾರ.”

ಅವಳು ಒಲೆಯ ಕಡೆ ಹೋದಳು. ನಾನು ಗಾಡಿಯನ್ನು ಎತ್ತಿಕೊಂಡು ಒಳಗೆ ಹೋಗಿ, ತೊಡೆಯ ಮೇಲಿಟ್ಟುಕೊಂಡು ಮುದುಕನ ಎದುರಿಗೆ ಕೂತೆ. ಅವನು ಕೇಳಿದ ಮೊದಲ ಮಾತೇ ಅದು: “ನಮ್ಮ ಮಗಳು ಯಾದಗಿರ್ಯಾಗ ಫಸ್ಟ್ ಬಂದಾಳ, ಗೊತ್ತದ ಏನ್ರಿ ಡಾಕ್ಟ್ರ?”

“ಗೊತ್ತದ್ರಿ” ಎಂದೆ.

ಬೇರೆ ಏನು ಹೇಳಬಹುದಿತ್ತು? ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

ಮುದುಕ ಮಾತಿಗೆ ಕೂತ. ಕೆನಾಲ್ ಕೆಲಸ ಮುಗಿದ ಮೇಲೆ ಮಶೀನುಗಳು ಕ್ಯಾಂಪಿನಲ್ಲೇ ವರ್ಷಗಟ್ಟಲೆ ಬಿಸಿಲು ಮಳೆಗೆ ನಿಂತಿದ್ದವಂತೆ. ಹಸೀನಾ ಆಡಿ ಬೆಳೆದದ್ದು ಅವುಗಳ ಮೇಲೆ. ಯಾವ ತಗಡಿಗೆ ಮೊದಲು ತುಕ್ಕು ಹತ್ತುತ್ತದೆ, ಡ್ರೈವರ್ ಯಾವ ಕಾಲು ಎಲ್ಲಿಟ್ಟು ಹತ್ತುತ್ತಿದ್ದ, ನೀರು ಎಲ್ಲಿ ನಿಲ್ಲುತ್ತದೆ, ಇದನ್ನೆಲ್ಲ ಅವನು ಮಗಳಿಗೆ ತೋರಿಸಿ ತೋರಿಸಿ ಹೇಳುತ್ತಿದ್ದನಂತೆ. ಪಾಠ ಅಂತ ಅಲ್ಲ, ಸುಮ್ಮನೆ ಮಾತಿಗೆ. ಆಮೇಲೆ ಕುಲಕರ್ಣಿ ಸಾಹೇಬರು ಎಂಬ ಇಂಜಿನಿಯರ್ ವರ್ಗವಾಗಿ ಹೋಗುವಾಗ, ತಮ್ಮ ಜೀಪು ನೋಡಿಕೊಳ್ಳುತ್ತಿದ್ದ ಮಿಸ್ತ್ರಿಗೆ ನಾಲ್ಕು ಡಬ್ಬಿ ಪ್ಲಾಸ್ಟಿಕ್ ಗಾಡಿ ಕೊಟ್ಟು ಹೋದರಂತೆ. ಇಪ್ಪತ್ತು ವರ್ಷ ಅವು ಅಟ್ಟದ ಮೇಲಿದ್ದವು. ನಂಬರ್ ಪ್ಲೇಟಿನ ಕೆಲಸ ಕಡಿಮೆಯಾಗಿ ಕೈ ಖಾಲಿಯಾದಾಗ ಹಸೀನಾ ಇಳಿಸಿದಳು. ಒಳಗಿನ ಸ್ಟಿಕ್ಕರುಗಳು ಪುಡಿಯಾಗಿದ್ದವು, ಹಾಗಾಗಿ ನಂಬರನ್ನು ಕೈಯಿಂದ ಬರೆದಳು.

ಕುಲಕರ್ಣಿ ಸಾಹೇಬರು!

ಓದುಗರೇ, ಅವರ ದವಡೆ ಹಲ್ಲಿಗೆ ಬೆಳ್ಳಿ ತುಂಬಿದವನು ನಾನು. ನನಗೆ ಈ ಹುಚ್ಚು ಹಿಡಿಸಿದವರೇ ಅವರು. ಒಂದೇ ಗಾಡಿಯ ಎರಡು ಡಬ್ಬಿ ಬಂದಿವೆ, ಒಂದು ನೀವು ಇಟ್ಟುಕೊಳ್ಳಿ ಎಂದು ಈ ಯು.ಇ.ಯನ್ನು ನನ್ನ ಕೈಗಿಟ್ಟವರೂ ಅವರೇ. ಇನ್ನೊಂದು ಎಲ್ಲಿ ಹೋಯಿತು ಎಂದು ನಾನು ಒಂದು ಸಲವಾದರೂ ಯೋಚಿಸಿದ್ದರೆ? ಪಕ್ಕದ ಟೇಬಲ್ಲಿನ ಮುಂದೆ ನಿಂತು ಯಾವ ವರ್ಷ, ಯಾವ ದಳ ಎಂದು ಕೇಳುವ ಬದಲು, ಈ ಡಬ್ಬಿ ನಿಮಗೆ ಎಲ್ಲಿ ಸಿಕ್ಕಿತ್ರಿ ಎಂದು ಕೇಳಿದ್ದರೆ?

ನನಗೆ ಆ ಗಾಡಿಯ ಇತಿಹಾಸ ಬಾಯಿಪಾಠ. ಅವಳಿಗೆ ಗಾಡಿ ಗೊತ್ತಿತ್ತು.

ಮುದುಕ ಕೈ ಚಾಚಿ ನನ್ನ ತೊಡೆಯ ಮೇಲಿದ್ದ ಗಾಡಿಯನ್ನು ತಡಕಿ ಎತ್ತಿಕೊಂಡ. ಹೆಬ್ಬೆರಳಿನಿಂದ ಮೆಲ್ಲಗೆ ಸವರಿದ. ಮುಚ್ಚಳ, ಅಂಚು, ಚೈನು, ಹಿಂಬದಿ. ನಾನು ಮೂರು ತಿಂಗಳು ಕೂತು ಕಟ್ಟಿದ ಕೆಸರು ಅದು.

“ಇದು ಹಸೀನಾಂದಲ್ಲ” ಎಂದ. “ಚೈನ್ ಒಗದ ಕಡಿ ಕೆಸರು ಬೀಳ್ತದ. ಇದಕ್ಕ ಎಲ್ಲಾ ಕಡಿ ಒಂದೇ ನಮೂನಿ ಹಚ್ಚ್ಯಾರ. ಈ ಗಾಡಿ ಎಲ್ಲೂ ಹೋಗಿಲ್ರಿ ಡಾಕ್ಟ್ರ.”

ಯಾರ ಗಾಡಿ ಎಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ. ಚಾ ಬಂತು, ಕುಡಿದೆ.

ಹೊರಡಲಿಕ್ಕೆ ಎದ್ದಾಗ ಹಸೀನಾ ರಸ್ತೆಯವರೆಗೆ ಬಂದಳು. ಕ್ಷಮೆ ಕೇಳಿದೆ. ಪ್ರದರ್ಶನದವರಿಗೆ ಹೇಳುತ್ತೇನೆ, ಶಾಲೆಯವರಿಗೂ ಹೇಳುತ್ತೇನೆ, ಪೇಪರಿನಲ್ಲೂ ಬರೆಯುತ್ತೇನೆ ಎಂದೆ. ಬರೆಯುತ್ತೇನೆ ಎಂದಾಗ ಮಾತ್ರ ಅವಳು ಮುಖ ಎತ್ತಿ ನೋಡಿದಳು.

“ಆವಾಗ ಹೆಸರು ಹಾಕಿರ್ಲಿಲ್ಲ ನೀವು. ಆದ್ರೂ ಊರಿಗೆಲ್ಲ ಗೊತ್ತಾತು. ಈ ಸಲ ಹೆಸರು ಹಾಕ್ರಿ. ಪೂರಾ ಹಾಕ್ರಿ.”

ಹಾಕಿದ್ದೇನೆ. ಹಸೀನಾ ಬೇಗಂ, ಮೈಬೂಬ್ ಮಿಸ್ತ್ರಿಯ ಮಗಳು, ಸುರಪುರ. ಯಾದಗಿರಿಯಲ್ಲಿ ಮೊದಲ ಸ್ಥಾನ ಪಡೆದ ಗಾಡಿಯನ್ನು ಮಾಡಿದ್ದು ಅವಳೇ.

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನನ್ನು ನಾನೇ ವಿಚಾರಣೆ ಮಾಡಿಕೊಂಡೆ. ನನಗೆ ಸಂಶಯ ಬಂದದ್ದು ನಿಜವಾಗಿ ತುಕ್ಕನ್ನು ನೋಡಿಯೇ? ಅಥವಾ ಚೀಟಿಯನ್ನು ಓದಿಯೇ? ಅದೇ ಗಾಡಿಯ ಮುಂದೆ ‘ಡಾಕ್ಟರ್’ ಎಂದಿದ್ದರೆ, ‘ಇಂಜಿನಿಯರ್’ ಎಂದಿದ್ದರೆ, ಹೆಸರು ಬೇರೆ ಇದ್ದಿದ್ದರೆ, ಅಲ್ಲಿ ಒಬ್ಬ ಗಂಡಸು ನಿಂತಿದ್ದರೆ, ನಾನು ಟಾರ್ಚ್ ತೆಗೆಯುತ್ತಿದ್ದೆನೇ? ಉತ್ತರ ನನಗೆ ಗೊತ್ತಿದೆ. ಬರೆಯುವುದಿಲ್ಲ, ಯಾಕೆಂದರೆ ನಿಮಗೂ ಗೊತ್ತಾಗಿರುತ್ತದೆ.

ಸೋಮವಾರ ಪ್ರದರ್ಶನ ನಡೆಸಿದವರಿಗೆ ಫೋನ್ ಮಾಡಿದೆ. ಪಟ್ಟಿ ಕಲಬುರಗಿಗೆ ಹೋಗಿಬಿಟ್ಟಿದೆ ಸರ್, ಇನ್ನು ಬದಲಾಯಿಸಲು ಬರುವುದಿಲ್ಲ ಎಂದರು. ಹಾಗಾದರೆ ನನ್ನ ಹೆಸರು ತೆಗೆಯಿರಿ ಎಂದೆ. ತೆಗೆದರೆ ನಮ್ಮ ಜಿಲ್ಲೆಯಿಂದ ಯಾರೂ ಹೋಗುವುದಿಲ್ಲ, ಅದು ನಿಮಗೆ ಸರಿ ಅನ್ನಿಸುತ್ತದೆಯೇ ಎಂದು ಕೇಳಿದರು. ಸರಿ ಅನ್ನಿಸುತ್ತದೆ ಎಂದೆ. ಈ ಸಲ ಯಾರೂ ಹೋಗುತ್ತಿಲ್ಲ.

ಶಾಲೆಯ ಮುಖ್ಯಸ್ಥರನ್ನು ಹೋಗಿ ಕಂಡೆ. ಪೂರ್ತಿ ಕೇಳಿಸಿಕೊಂಡರು. ರಜೆ ಮುಗಿಯಲಿ, ನೋಡೋಣ ಎಂದರು. ಎದ್ದು ಬಾಗಿಲವರೆಗೆ ಬಂದು, ಆವತ್ತು ಹಂಗ ಬರ್ದಿದ್ರಿ, ಈಗ ಹಿಂಗ ಅಂತೀರಿ, ನಡುವೆ ಏನಾತ್ರಿ ಡಾಕ್ಟ್ರ ಎಂದು ನಕ್ಕರು. ಆ ನಗು ನನಗೆ ಪರಿಚಯದ್ದು. ಪಕ್ಕದ ಟೇಬಲ್ಲಿನ ಮುಂದೆ ನಿಂತಾಗ ನನ್ನ ಮುಖದ ಮೇಲೂ ಅದೇ ಇದ್ದಿರಬೇಕು.

ಹಸೀನಾಗೆ ಫೋನ್ ಮಾಡಿ ಆದದ್ದನ್ನೆಲ್ಲ ಹೇಳಿದೆ. ಕರೆದರ ನೋಡೋಣ, ನಾನಾಗಿ ಹೋಗಿ ಕೇಳಂಗಿಲ್ಲ ಎಂದಳು. ಕೈಯಲ್ಲಿ ಎರಡು ಟ್ರಾಲಿಯ ಕೆಲಸವಿದೆಯಂತೆ.

ಇಷ್ಟನ್ನೂ ಬರೆದು ನಿನ್ನೆ ಪತ್ರಿಕೆಗೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಸಂಪಾದಕರ ಫೋನ್ ಬಂತು. ಬರಹ ಚೆನ್ನಾಗಿದೆ ಡಾಕ್ಟ್ರೇ, ಆದರೆ ಈ ಹೆಂಗಸೇ ಅದನ್ನು ಮಾಡಿದಳು ಅನ್ನುವುದಕ್ಕೆ ನಿಮ್ಮ ಹತ್ತಿರ ಸಾಕ್ಷಿ ಇದೆಯೇ ಎಂದು ಕೇಳಿದರು.

ಮೂರು ವಾರದ ಹಿಂದೆ, ಅವಳು ಮಾಡಿಲ್ಲ ಎಂದು ಬರೆದು ಕಳಿಸಿದಾಗ, ಈ ಪ್ರಶ್ನೆಯನ್ನು ಯಾಕೆ ಯಾರೂ ಕೇಳಲಿಲ್ಲ?